ಪಂಚನಾಮೆಗೆ ಹಾಕಿದ ರುಜು

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಜಯನಗರಕ್ಕೆ ಬಂದೆವು. ನಮ್ಮ ರಸ್ತೆಯಲ್ಲಿ ಆಗ ಮನೆಗಳಿಗಿಂತ ಸೈಟು ಕಲ್ಲುಗಳೇ ಹೆಚ್ಚು. ಒಂದು ಮನೆ, ನಾಲ್ಕು ಖಾಲಿ ನಿವೇಶನ, ಮತ್ತೊಂದು ಮನೆ. ಬಸವನಗುಡಿಯ ನೆಂಟರು ಬಂದರೆ ಬೆಳಕಿರುವಾಗಲೇ ಎದ್ದು, "ನಿಮ್ಮ ಕಾಡು ನಿಮಗಿರ್ಲಪ್ಪ" ಎಂದು ಹೊರಟುಬಿಡುತ್ತಿದ್ದರು. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ತಂಗಿ, ನಾನು. ನಾನು ಸರ್ಕಾರದ ಅನುದಾನದಲ್ಲಿ ನಡೆಯುತ್ತಿದ್ದ ಒಂದು ಖಾಸಗಿ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಬೆಳಿಗ್ಗೆ ನಾನು ಶಾಲೆಗೆ, ತಂಗಿ ಸ್ಕೂಲಿಗೆ, ಮುಂದೆ ಕಾಲೇಜಿಗೆ ಹೊರಟರೆ ಅಮ್ಮ ಒಬ್ಬಳೇ. ಕೋಣನಕುಂಟೆಯಿಂದ ಹಾಲು ತರುತ್ತಿದ್ದವನು ಎಲ್ಲೆಲ್ಲಿ ಕನ್ನ ಬಿತ್ತೆಂದು ದಿನಕ್ಕೊಂದು ಕಥೆ ಹೇಳಿ ಅವಳ ಎದೆ ನಡುಗಿಸಿ ಹೋಗುತ್ತಿದ್ದ.

ಎದುರುಮನೆಯವರಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ. ರಸ್ತೆಯವರೆಲ್ಲ ಅವರನ್ನು ಯಜಮಾನರು, ಅವರ ಹೆಂಡತಿಯನ್ನು ಯಜಮಾನಿತಿ ಎನ್ನುತ್ತಿದ್ದೆವು. ಆ ಮನೆಗೆ ಗೃಹಪ್ರವೇಶಕ್ಕೆ ಮೊದಲೇ ಒಂದು ಕಬ್ಬಿಣದ ಪೆಟ್ಟಿಗೆ ಎತ್ತಿನ ಗಾಡಿಯಲ್ಲಿ ಬಂದಿತ್ತು. ಎಂಟು ಆಳು ಸೇರಿ ಅದನ್ನು ಇಳಿಸಿದರು, ಆಮೇಲೆ ಅದರ ಸುತ್ತ ಗೋಡೆ ಕಟ್ಟಿ ಮನೆ ಅಂದರು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಬ್ಯಾಂಕಿನ ಲಾಕರು ಇದ್ದದ್ದು ಪೇಟೆಯಲ್ಲಿ, ಅದಕ್ಕೆ ಬಾಡಿಗೆ ಬೇರೆ. ಹೀಗಾಗಿ ಊರಿಗೆ ಹೊರಟ ಹೆಂಗಸರು ಒಡವೆಯನ್ನು ಯಜಮಾನಿತಿಯ ಕೈಗೆ ಕೊಟ್ಟು ಹೋಗುವುದು ಶುರುವಾಯಿತು. ಬರಬರುತ್ತಾ ಊರಿಗೆ ಹೋಗದವರೂ ಕೊಟ್ಟರು.

ಇದಕ್ಕೊಂದು ಪದ್ಧತಿ ಬೆಳೆದಿತ್ತು. ಚೀಟಿ ಬರೆಯುವಂತಿಲ್ಲ. ಚೀಟಿ ಕೇಳಿದರೆ ಯಜಮಾನಿತಿಯ ಮೇಲೆ ಅಪನಂಬಿಕೆ, ಕೊಟ್ಟರೆ ಇಟ್ಟವಳ ಗುಟ್ಟು ರಟ್ಟು. ಏಕೆಂದರೆ ಬಹುಪಾಲು ಹೆಂಗಸರು ಗಂಡನಿಗೆ ಹೇಳದೆ ಇಟ್ಟವರು. ಆದ್ದರಿಂದ ಪ್ರತಿಯೊಬ್ಬಳೂ ತನ್ನದೇ ಹಳೆಯ ಸೀರೆಯ ತುಂಡಿನಲ್ಲಿ ಒಡವೆ ಕಟ್ಟಿ ಕೊಡಬೇಕು, ಬಟ್ಟೆಯೇ ಗುರುತು. ಇಟ್ಟವರ ಹೆಸರನ್ನು ಯಾರ ಮುಂದೆಯೂ ಎತ್ತುವುದಿಲ್ಲ ಎಂದು ಯಜಮಾನಿತಿ ದೇವರ ದೀಪದ ಮುಂದೆ ಮಾತು ಕೊಟ್ಟಿದ್ದರು, ಯಜಮಾನರೂ ಅದಕ್ಕೆ ಬದ್ಧರಾಗಿದ್ದರು. ಅಮ್ಮನ ಗಂಟು ಬಾಳೆಸುಳಿ ಬಣ್ಣದ ಸೀರೆಯದು. ಒಳಗೆ ಕೊರಳಿಗೆ ಹಾಕುವ ಒಂದು ಅಡ್ಡಿಕೆ, ನಾಲ್ಕು ಬಳೆ, ವಜ್ರವೆಂದು ಅಮ್ಮ ನಂಬಿದ್ದ ಒಂದು ಜೊತೆ ಓಲೆ. ತಂಗಿಯ ಮದುವೆಗೆಂದು ನಮ್ಮಲ್ಲಿ ಇದ್ದದ್ದು ಅಷ್ಟೇ.

ಅರವತ್ತರ ದಶಕದ ನಡುವಿನಲ್ಲಿ ಆ ಮದುವೆ ಗೊತ್ತಾಯಿತು. ಹುಡುಗ ಮೈಸೂರಿನಲ್ಲಿ ಓವರ್‌ಸಿಯರ್. ಒಳ್ಳೆಯ ಹುಡುಗ, ತಂಗಿಗೆ ಇಷ್ಟವಾಗಿದ್ದ. ಅವನ ಫೋಟೋವನ್ನು ಅವಳು ತರ್ಕಶಾಸ್ತ್ರದ ಪುಸ್ತಕದೊಳಗೆ ಇಟ್ಟುಕೊಂಡಿದ್ದು ನನಗೆ ಗೊತ್ತಿತ್ತು. ಅವನ ತಾಯಿ ವರದಕ್ಷಿಣೆ ಬೇಡವೆಂದರು. "ನಿಮ್ಮ ಮೈಮೇಲಿದ್ದದ್ದು ಮಗಳ ಮೈಮೇಲೆ ಬಂದ್ರೆ ಸಾಕು" ಎಂದರು. ವೈಶಾಖಕ್ಕೆ ಲಗ್ನ ಎಂದು ಮಾತಾಯಿತು.

ದೀಪಾವಳಿ ಕಳೆದ ಮೊದಲ ಭಾನುವಾರ. ಬೆಳಿಗ್ಗೆ ಏಳಕ್ಕೆ ಎರಡು ಬಾಡಿಗೆ ಟ್ಯಾಕ್ಸಿ ಎದುರುಮನೆಯ ಮುಂದೆ ನಿಂತವು. ಕೋಟು ತೊಟ್ಟ ಕೆಲವರು ಇಳಿದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರಲ್ಲೊಬ್ಬ ಇನ್ಸ್‌ಪೆಕ್ಟರು ನಮ್ಮ ಗೇಟಿನ ಹತ್ತಿರ ಬಂದ.

"ಸಾರ್, ನೀವು ಮೇಷ್ಟ್ರಂತೆ. ನಾವು ಇನ್‌ಕಂ ಟ್ಯಾಕ್ಸಿನೋರು. ಎದುರುಮನೇಲಿ ಶೋಧ ಇದೆ. ಇದೇ ಏರಿಯಾದ ಇಬ್ರು ಮರ್ಯಾದಸ್ಥರು ಪಂಚರಾಗಿ ನೋಡ್ಬೇಕು ಅಂತ ರೂಲ್ಸು. ಬರ್ತೀರಲ್ಲ?"

ನನಗೆ ಕೋಡು ಬಂದಂತಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಶಾಲೆಯಲ್ಲಿ ನಾನು ಪೌರನೀತಿ ಪಾಠ ಮಾಡುತ್ತಿದ್ದೆ. ತೆರಿಗೆ ಕೊಡುವುದು ಪ್ರಜೆಯ ಧರ್ಮ, ಅದರಿಂದಲೇ ಅಣೆಕಟ್ಟು, ಅದರಿಂದಲೇ ಸೈನ್ಯ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸುತ್ತಿದ್ದವನು. ಸರ್ಕಾರವೇ ಮನೆ ಬಾಗಿಲಿಗೆ ಬಂದು ನನ್ನನ್ನು ಮರ್ಯಾದಸ್ಥ ಎಂದಿತ್ತು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟೆ. ಒಲ್ಲೆ ಎನ್ನಬಹುದಿತ್ತೇ? ಬರವಣಿಗೆಯಲ್ಲಿ ಕರೆದ ಮೇಲೆ ಬರುವುದಿಲ್ಲ ಎಂದರೆ ಅದೇ ಒಂದು ಅಪರಾಧ ಎಂದು ಆಮೇಲೆ ತಿಳಿಯಿತು. ಅಂದು ಕರೆದದ್ದು ಬರೀ ಬಾಯಿಮಾತಿನಲ್ಲಿ, ಆದರೂ ಒಲ್ಲೆ ಎನ್ನುವ ಯೋಚನೆಯೇ ನನಗೆ ಬರಲಿಲ್ಲ.

ಇನ್ನೊಬ್ಬ ಪಂಚರು ಹಿಂದಿನ ರಸ್ತೆಯ ನಿವೃತ್ತ ಸ್ಟೇಷನ್ ಮಾಸ್ಟರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಸರ್ಕಾರದ ಕೆಲ್ಸ. ಬಾಯ್ಮುಚ್ಕೊಂಡು ನೋಡ್ಬೇಕು, ತೋರಿಸಿದ್ ಕಡೆ ಸೈನ್ ಹಾಕ್ಬೇಕು. ಅಷ್ಟೇ" ಎಂದು ಉಪದೇಶ ಮಾಡಿದರು. ಮೊದಲು ಶೋಧದ ಮುಖ್ಯ ಅಧಿಕಾರಿ ತಮ್ಮ ಕೋಟು ಬಿಚ್ಚಿ, ನಮ್ಮ ಜೇಬು ನೋಡಿ ಎಂದರು. ಹೊರಗಿನಿಂದ ಏನನ್ನೂ ತಂದಿಟ್ಟಿಲ್ಲ ಎನ್ನುವುದಕ್ಕೆ ನಾವೇ ಸಾಕ್ಷಿಯಂತೆ. ಅಷ್ಟು ದೊಡ್ಡ ಅಧಿಕಾರಿಯ ಜೇಬಿಗೆ ನಾನು ಕೈ ಹಾಕಿದೆ. ಒಂದು ಬಸ್ ಟಿಕೆಟು, ಲವಂಗದ ಪೊಟ್ಟಣ ಇತ್ತು. ಎಂಥ ನ್ಯಾಯವಾದ ಇಲಾಖೆ ಎಂದುಕೊಂಡೆ.

ಮಧ್ಯಾಹ್ನದವರೆಗೆ ಮಂಡಿಯ ಕಾಗದಪತ್ರ ನೋಡಿದರು. ಆಮೇಲೆ ಪೆಟ್ಟಿಗೆಯ ಬೀಗದಕೈ ಕೇಳಿದರು. ಯಜಮಾನಿತಿ ಸೊಂಟದಿಂದ ಬಿಚ್ಚಿ ಕೊಟ್ಟರು. ಒಳಗೆ ಮೇಲಿನ ಅರೆಯಲ್ಲಿ ಅವರದೇ ಒಡವೆ, ಕೆಳಗಿನ ಅರೆಯಲ್ಲಿ ಒಂಬತ್ತು ಬಣ್ಣದ ಗಂಟು. ಚಿನ್ನದ ನಿಯಂತ್ರಣ ಬಂದು ಕೆಲಸ ಕಳೆದುಕೊಂಡಿದ್ದ ಒಬ್ಬ ಅಕ್ಕಸಾಲಿಯನ್ನು ದಿನಗೂಲಿಗೆ ಕರೆತಂದಿದ್ದರು. ಅವನು ಒಂದೊಂದೇ ಗಂಟು ಬಿಚ್ಚಿ ತೂಗಿ ಹೇಳುತ್ತಿದ್ದ, ಗುಮಾಸ್ತ ಬರೆಯುತ್ತಿದ್ದ. ನಾಲ್ಕನೆಯದು ಬಾಳೆಸುಳಿ ಬಣ್ಣ. ಅಕ್ಕಸಾಲಿ ಓಲೆಯನ್ನು ಬೆಳಕಿಗೆ ಹಿಡಿದು, "ಕಲ್ಲು ಬರೀ ಬಿಳೀದು ಸಾರ್, ವಜ್ರ ಅಲ್ಲ" ಎಂದ. ಗುಮಾಸ್ತ ಅದನ್ನೂ ಬರೆದುಕೊಂಡ.

ಅಧಿಕಾರಿ ಯಜಮಾನರನ್ನು ಕೇಳಿದರು. "ಇವೆಲ್ಲ ಯಾರ್ದು?"

ಯಜಮಾನರು ಹೆಂಡತಿಯ ಕಡೆ ನೋಡಿದರು. ಆಕೆ ತಲೆ ಬಗ್ಗಿಸಿದ್ದವರು ಎತ್ತಲಿಲ್ಲ. ಯಜಮಾನರು ಒಂದು ಸಲ ನನ್ನ ಕಡೆಯೂ ನೋಡಿದರು. ಆಮೇಲೆ ಕೈ ಕಟ್ಟಿಕೊಂಡು, "ನಮ್ದೇ ಸ್ವಾಮಿ. ಎಲ್ಲಾ ನಮ್ಮನೆದೇ" ಎಂದರು.

ಅವರ ಲೆಕ್ಕಾಚಾರ ಮರುದಿನ ಅವರ ಬಾಯಿಂದಲೇ ಕೇಳಿದೆ. ಹೆಂಗಸರ ಒಡವೆಯನ್ನು ಬರೆದುಕೊಂಡು ಹೋಗುತ್ತಾರೆಯೇ ಹೊರತು ಎತ್ತಿಕೊಂಡು ಹೋಗಲಾರರು, ಹೆಸರು ಹೇಳಿದರೆ ಒಂಬತ್ತು ಮನೆಗೂ ಟ್ಯಾಕ್ಸಿ ಹೋಗುತ್ತದೆ, ಹೆಂಡತಿಯ ಮಾತೂ ಮುರಿಯುತ್ತದೆ ಎಂದು ಅವರು ಎಣಿಸಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವರು. ಆದರೆ ಕಾನೂನು ಆಗತಾನೇ ಬದಲಾಗಿತ್ತು. ಪುಸ್ತಕ ಪತ್ರ ಮಾತ್ರವಲ್ಲ, ಒಡವೆ ನಗದನ್ನೂ ವಶಪಡಿಸಿಕೊಳ್ಳುವ ಅಧಿಕಾರ ಇಲಾಖೆಗೆ ಬಂದಿತ್ತು. ಅದು ಕೊಬ್ಬರಿ ಮಂಡಿಯವರಿಗೆ ಎಲ್ಲಿ ತಿಳಿಯಬೇಕು, ಪೌರನೀತಿಯ ಮೇಷ್ಟ್ರಿಗೇ ತಿಳಿದಿರಲಿಲ್ಲ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೇಳಿದರೆ ಯಜಮಾನರನ್ನು ಸುಳ್ಳುಗಾರ ಮಾಡಿದಂತೆ, ಅದೂ ಅವರ ಮನೆಯಲ್ಲೇ ಕುಳಿತು. ಹೇಳಿದರೆ, ಪಂಚನಾಗಿ ಬಂದವನು ನೀನೇ ಭಾಗಿಯೇನಯ್ಯಾ ಎಂದು ಕೇಳಿದರೆ? ಇವೆಲ್ಲ ಆಮೇಲೆ ಕೂಡಿಸಿಕೊಂಡ ಕಾರಣಗಳು. ನಿಜ ಹೇಳಬೇಕೆಂದರೆ ಹೆದರಿದೆ. ನಾಳೆ ಅವರ ಕಚೇರಿಗೆ ಹೋಗಿ ನಿಧಾನವಾಗಿ ವಿವರಿಸಿದರಾಯಿತು ಎಂದುಕೊಂಡೆ, ಹೋಗಲಿಲ್ಲ.

ಎಲ್ಲವನ್ನೂ ಡಬ್ಬಿಗೆ ತುಂಬಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಲು ಹೊರಟಾಗ ಒಂದು ತೊಡಕು ಬಂತು. ಅರಗು ಇತ್ತು, ಕರಗಿಸಲು ಮೇಣದಬತ್ತಿ ಇರಲಿಲ್ಲ. ಶೋಧ ನಡೆದ ಮನೆಯದನ್ನು ಮುಟ್ಟಬಾರದೆಂದು ಅಧಿಕಾರಿಯ ಹಟ. ಇನ್ಸ್‌ಪೆಕ್ಟರು ನನ್ನನ್ನು ಹೊರಗೆ ಕರೆದು ನಾಚಿಕೊಂಡೇ ಕೇಳಿದ.

"ಮೇಷ್ಟ್ರೇ, ನಿಮ್ಮನೇಲಿ ಒಂದು ಕ್ಯಾಂಡಲ್ ಸಿಗುತ್ತಾ? ನೋಡಿ ನಮ್ಮ ಹಣೆಬರಹ. ನಾವು ಎಷ್ಟೇ ವಸೂಲಿ ಮಾಡಿದ್ರೂ ಅದ್ರಲ್ಲಿ ಒಂದು ಕಾಸು ಮುಟ್ಟೋ ಹಾಗಿಲ್ಲ. ಎಲ್ಲಾ ಖಜಾನೆಗೆ. ಪಾರ್ಲಿಮೆಂಟ್ನೋರು ವರ್ಷಕ್ಕೊಂದ್ಸಲ ಸಂಬಳಕ್ಕಿಷ್ಟು, ಟ್ಯಾಕ್ಸಿಗಿಷ್ಟು ಅಂತ ಅಳ್ದು ಕೊಡ್ತಾರೆ. ಕ್ಯಾಂಡಲ್ಲು ಚಿಲ್ಲರೆ ಖರ್ಚಲ್ಲಿ ಬರುತ್ತೆ. ಅದು ಸೆಪ್ಟೆಂಬರಿಗೇ ಮುಗ್ದೋಯ್ತು."

ಯಾರ ಬೀಗವನ್ನಾದರೂ ತೆರೆಯಬಲ್ಲ ಇಲಾಖೆಗೆ ಒಂದು ಮೇಣದಬತ್ತಿ ಕೊಳ್ಳಲು ಮಂಜೂರಾತಿ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ರಸ್ತೆ ದಾಟಿದೆ. ಇನ್ಸ್‌ಪೆಕ್ಟರು ಗೇಟಿನಲ್ಲಿ ನಿಂತ. ಅಮ್ಮ ಬಾಗಿಲಲ್ಲೇ ಇದ್ದಳು, ದೇವರ ಮನೆಯಿಂದ ಅರ್ಧ ಉರಿದ ಬತ್ತಿಯೊಂದನ್ನು ತಂದು ಕೊಟ್ಟಳು.

"ಏನಾಗ್ತಿದೆಯೋ ಅಲ್ಲಿ? ನಮ್ಮ ಗಂಟು?"

"ಏನಾಗಿಲ್ಲಮ್ಮ. ಕಾಗ್ದ ನೋಡ್ತಿದಾರೆ."

ಆ ಬತ್ತಿಯ ಉರಿಯಲ್ಲೇ ಅರಗು ಕರಗಿತು. ಅಧಿಕಾರಿ ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. ಪ್ರತಿ ಗಂಟನ್ನೂ ಬೇರೆ ಬೇರೆಯಾಗಿ ಬಿಚ್ಚಿದ್ದನ್ನು ಪಂಚರು ಕಣ್ಣಾರೆ ಕಂಡಿದ್ದಾರೆ. ಎಲ್ಲವೂ ತಮ್ಮವೆಂದು ಮನೆಯ ಯಜಮಾನರು ಪಂಚರೆದುರು ಹೇಳಿದ್ದಾರೆ. ಈ ವಸ್ತುಗಳಲ್ಲಿ ಪಂಚರಿಗಾಗಲಿ ಅವರ ಕುಟುಂಬದವರಿಗಾಗಲಿ ಯಾವ ಹಕ್ಕೂ ಇಲ್ಲ, ಸಂಬಂಧವೂ ಇಲ್ಲ. ಸ್ಟೇಷನ್ ಮಾಸ್ಟರು ಸರಸರನೆ ರುಜು ಮಾಡಿ ಪೆನ್ನನ್ನು ನನ್ನ ಕಡೆ ಚಾಚಿದರು. ಅವರಿಗೆ ಊಟಕ್ಕೆ ಹೊತ್ತಾಗಿತ್ತು. ಆ ಕೊನೆಯ ವಾಕ್ಯದ ಮೇಲೆ ನನ್ನ ಕಣ್ಣು ನೆಟ್ಟಿತ್ತು. ಆದರೂ ಕೈ ಮುಂದೆ ಹೋಯಿತು. ಪ್ರತಿ ಪುಟಕ್ಕೂ ಹಾಕಿದೆ, ಮಕ್ಕಳಿಗೆ ಕಾಪಿ ತಿದ್ದಿಸುವ ಚೆಂದದ ಅಕ್ಷರದಲ್ಲಿ.

ಸಂಜೆಯೊಳಗೆ ರಸ್ತೆಗೆಲ್ಲ ಸುದ್ದಿ ಹರಡಿತು. ಅಮ್ಮ ನನ್ನ ಮೇಲೆ ಕೂಗಾಡಲಿಲ್ಲ. "ನಮ್ಮ ಗಂಟು ಬಿಚ್ಚುವಾಗ ನೀನು ಅಲ್ಲಿದ್ಯಾ?" ಎಂದು ಒಂದೇ ಕೇಳಿದಳು. "ಇಲ್ಲಮ್ಮ, ಆಗ ನಾನು ಪಡಸಾಲೇಲಿದ್ದೆ" ಎಂದೆ. ಬೆಳಿಗ್ಗೆಯಿಂದ ಅವಳಿಗೆ ಹೇಳಿದ ಎರಡನೆಯ ಸುಳ್ಳು ಇದು, ಮೊದಲನೆಯದಕ್ಕಿಂತ ಸರಾಗವಾಗಿ ಬಂತು. ಅವಳು ನಂಬಿದಳು. ಅವಳ ಮಗ ಸುಳ್ಳು ಹೇಳುವವನಲ್ಲ.

ಒಂಬತ್ತು ಗಂಟಿನವರಲ್ಲಿ ತಮ್ಮದೆಂದು ಮುಂದೆ ಬಂದವರು ಅಮ್ಮನೂ ಸೇರಿ ಇಬ್ಬರೇ. ಉಳಿದವರು ಗಂಡನಿಗೆ ಹೆದರಿ ಸುಮ್ಮನಾದರು. ಬಾಯಿ ಬಿಟ್ಟರೆ ಒಡವೆ ಎಲ್ಲಿಂದ ಬಂತೆಂದು ಇಲಾಖೆ ಕೇಳುವುದಕ್ಕೆ ಮೊದಲು ಮನೆಯಲ್ಲೇ ಕೇಳುತ್ತಿದ್ದರು. ನೀರಿಗೆ ಬಂದಾಗ, ತರಕಾರಿ ಗಾಡಿಯ ಹತ್ತಿರ ನಿಂತಾಗ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಲಾಖೆಗೆ ಸುಳಿವು ಕೊಟ್ಟವರಿಗೆ ಇನಾಮು ಇದೆಯೆಂದು ಯಾರೋ ಹಬ್ಬಿಸಿದ ಮೇಲೆ ಆ ರಸ್ತೆಯಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುವುದೂ ನಿಂತಿತು. ಯಜಮಾನಿತಿ ಒಂದು ದಿನ ನಮ್ಮ ಅಡುಗೆಮನೆಯ ಹೊಸಿಲ ಮೇಲೆ ಕುಳಿತು, "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣ್ರೀ" ಎಂದು ಅತ್ತರು. ಅಮ್ಮ ಆಕೆಗೇ ಕಾಫಿ ಕೊಟ್ಟು ಸಮಾಧಾನ ಮಾಡಿದಳು.

ಯಜಮಾನರು ಆದಾಯ ಮುಚ್ಚಿಟ್ಟಿದ್ದರೇ? ಇಟ್ಟಿದ್ದಿರಬೇಕು. ಇಲ್ಲವೆಂದು ಅವರೂ ನನ್ನೆದುರು ಎಂದೂ ಹೇಳಲಿಲ್ಲ. ಮಂಡಿಗೆ ಮುದ್ರೆ ಬಿದ್ದಿತ್ತು, ಅಮ್ಮನಿಗೆ ಕೊಡಲು ಅವರ ಕೈಯಲ್ಲಿ ಏನೂ ಇರಲಿಲ್ಲ. "ಹೈಕೋರ್ಟಿಗೆ ಹಾಕ್ತಿದೀನಿ. ಶೋಧನೇ ಬಿದ್ದೋದ್ರೆ ಎಲ್ರದ್ದೂ ವಾಪಸ್ ಬರುತ್ತೆ ಮೇಷ್ಟ್ರೇ" ಎಂದು ನನ್ನನ್ನು ವಕೀಲರ ಹತ್ತಿರ ಕರೆದುಕೊಂಡು ಹೋದರು. ವಕೀಲರು ನಶ್ಯ ಏರಿಸಿ ನನ್ನನ್ನು ಪ್ರಶ್ನೆ ಕೇಳಿದರು. ವಾರಂಟು ತೋರಿಸಿದರೇ? ತೋರಿಸಿದರು. ಜೇಬು ನೋಡಲು ಬಿಟ್ಟರೇ? ಬಿಟ್ಟರು. ಏನಾದರೂ ಒಡೆದರೇ, ಬೈದರೇ, ಹೆಂಗಸರ ಮೈ ಮುಟ್ಟಿದರೇ? ಇಲ್ಲ. ವಕೀಲರಿಗೆ ನನ್ನ ಮೇಲೇ ಸಿಟ್ಟು ಬಂತು. "ಇಷ್ಟು ನೀಟಾಗಿ ಮಾಡಿದ್ರೆ ನಾನು ಏನಂತ ವಾದಿಸ್ಲಿ? ಕಾನೂನೇ ತಪ್ಪು ಅಂತ ಹೇಳ್ಬೇಕಷ್ಟೆ" ಎಂದರು.

ಹಾಗೆಯೇ ವಾದಿಸಿದರು. ಹೈಕೋರ್ಟಿನ ಕೆಂಪು ಕಟ್ಟಡದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ನಂಬಲು ಕಾರಣವಿದೆ ಎಂದು ಒಬ್ಬ ಅಧಿಕಾರಿ ಬರೆದುಕೊಂಡ ಮಾತ್ರಕ್ಕೆ ಯಾರ ಮನೆಗಾದರೂ ನುಗ್ಗಬಹುದಾದರೆ ಸಂವಿಧಾನ ಕೊಟ್ಟ ಆಸ್ತಿಯ ಹಕ್ಕಿಗೆ ಏನು ಬೆಲೆ ಎಂದು ನಮ್ಮ ವಕೀಲರು ಕೇಳಿದಾಗ ನನಗೆ ರೋಮಾಂಚನವಾಯಿತು. ಇಲಾಖೆಯ ವಕೀಲರು ತಣ್ಣಗೆ ಎದ್ದು, ಕಾರಣ ಕಡತದಲ್ಲಿದೆ, ನ್ಯಾಯಮೂರ್ತಿಗಳು ನೋಡಬಹುದು, ಅರ್ಜಿದಾರರಿಗೆ ತೋರಿಸಬೇಕಾಗಿಲ್ಲ ಎಂದರು. ಮುಚ್ಚಿದ ಲಕೋಟೆ ಮೇಲಕ್ಕೆ ಹೋಯಿತು. ಇಬ್ಬರೂ ನ್ಯಾಯಮೂರ್ತಿಗಳು ತಲೆ ಸೇರಿಸಿ ಓದಿ ಕೆಳಕ್ಕೆ ಕೊಟ್ಟರು. ಯಜಮಾನರು ಆ ಲಕೋಟೆ ಹೋದ ಕಡೆ, ಬಂದ ಕಡೆ ಕತ್ತು ತಿರುಗಿಸುತ್ತಿದ್ದರು. ಅವರ ಮನೆಯ ಬಾಗಿಲು ತೆರೆದ ಕಾರಣ ಏನೆಂದು ಅವರಿಗೆ ಸಾಯುವವರೆಗೂ ತಿಳಿಯಲಿಲ್ಲ. ಅರ್ಜಿ ವಜಾ ಆಯಿತು.

ಇನ್ನು ಉಳಿದದ್ದು ಒಂದೇ ದಾರಿ. ವಶವಾದ ವಸ್ತು ತನ್ನದೆನ್ನುವವರು ಇಲಾಖೆಯ ಮೇಲಧಿಕಾರಿಗೆ ಅರ್ಜಿ ಹಾಕಿ ಸಾಬೀತು ಮಾಡಬಹುದಿತ್ತು. ವಕೀಲರ ಜೂನಿಯರು ಅಮ್ಮನ ಬಾಯಿಂದ ಕೇಳಿ ಅರ್ಜಿ ಬರೆದ. ಗಂಟಿನ ಬಟ್ಟೆ ಯಾವುದು, ಅಡ್ಡಿಕೆಯಲ್ಲಿ ಎಷ್ಟು ಗುಂಡು, ಯಾವ ಬಳೆಗೆ ತಿರುಪು ಸವೆದಿದೆ, ಎಲ್ಲ ಅಮ್ಮ ಹೇಳಿದಳು. ಕೊನೆಗೆ ತಾನಾಗಿಯೇ ಒಂದು ವಾಕ್ಯ ಸೇರಿಸಿದಳು: ಆ ಗಂಟು ಬಿಚ್ಚುವಾಗ ತನ್ನ ಮಗ ಆ ಕೋಣೆಯಲ್ಲಿರಲಿಲ್ಲ, ಆದ್ದರಿಂದಲೇ ಆಕ್ಷೇಪಿಸಲಿಲ್ಲ. ಜೂನಿಯರು ನನ್ನ ಮುಖ ನೋಡಿದ. ನಾನು ಕಿಟಕಿಯ ಕಡೆ ತಿರುಗಿದೆ. ಅವನು ಬರೆದುಕೊಂಡ.

ವಿಚಾರಣೆ ಮಾರ್ಚಿನಲ್ಲಿ ಬಂತು, ದಂಡಿನ, ಎಂದರೆ ಕಂಟೋನ್ಮೆಂಟಿನ ಕಡೆಯ ಕಚೇರಿಯಲ್ಲಿ. ಲಗ್ನಕ್ಕೆ ಇನ್ನು ಎರಡು ತಿಂಗಳೂ ಇರಲಿಲ್ಲ. ಮೈಸೂರಿನವರು ಎರಡು ಕಾಗದ ಬರೆದಿದ್ದರು. ಎರಡನೆಯದರಲ್ಲಿ ಒಡವೆಯ ವಿಷಯ ಇತ್ಯರ್ಥವಾದರೆ ಛತ್ರ ಗೊತ್ತುಮಾಡಬಹುದೆಂದಿತ್ತು. ನಾನು ಶಾಲೆಗೆ ಅರ್ಧ ದಿನ ರಜಾ ಹಾಕಿದೆ. ತಂಗಿ ಅಮ್ಮನ ಸೀರೆಯ ನೆರಿಗೆ ಸರಿಮಾಡಿ, "ಧೈರ್ಯವಾಗಿ ಹೇಳಮ್ಮ, ನಿಂದೇ ತಾನೇ" ಎಂದು ಕಳಿಸಿದಳು.

ವಿಚಾರಣೆ ನಡೆಸಿದ ಮೇಲಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೃದುವಾದ ಮಾತು. ಅಮ್ಮನಿಗೆ ಕುರ್ಚಿ ಹಾಕಿಸಿದರು. ಒಡವೆಯ ಗುರುತು ಒಂದೊಂದೇ ಕೇಳಿ ಪಟ್ಟಿಯ ಜೊತೆ ತಾಳೆ ನೋಡಿದರು. ಎಲ್ಲವೂ ಸರಿಯಾಗಿ ಕೂಡಿತು. ಅವರು ನಂಬಿದರೆಂದು ನನಗನ್ನಿಸಿತು, ಈಗಲೂ ಅನ್ನಿಸುತ್ತದೆ. ಆಮೇಲೆ ಪಂಚನಾಮೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ನಿಮ್ಮ ಸೈನೇನಾ?"

"ಹೌದು ಸಾರ್."

"ಪ್ರತಿ ಗಂಟನ್ನೂ ಪಂಚರು ಕಣ್ಣಾರೆ ಕಂಡಿದಾರೆ ಅಂತಿದೆ. ನಿಮ್ಮ ಕುಟುಂಬಕ್ಕೆ ಇದ್ರಲ್ಲಿ ಹಕ್ಕಿಲ್ಲ ಅಂತಿದೆ. ನೀವು ಆಗ ಕೋಣೇಲಿ ಇದ್ರಾ, ಇರ್ಲಿಲ್ವಾ?"

ಇರಲಿಲ್ಲ ಎಂದರೆ ಸುಳ್ಳು ಪಂಚನಾಮೆಗೆ ರುಜು ಮಾಡಿದವನಾಗುತ್ತೇನೆ. ಇದ್ದೆ ಎಂದರೆ ಕಂಡೂ ಸುಳ್ಳು ಬರೆದವನಾಗುತ್ತೇನೆ. ನಾನು ತಲೆ ತಗ್ಗಿಸಿ ಪಂಚನಾಮೆಯನ್ನು ಅವರ ಕಡೆಗೇ ಸರಿಸಿದೆ. ಅವರು ಅಮ್ಮನ ಕಡೆ ತಿರುಗಿ ಬಹಳ ಮರ್ಯಾದೆಯಿಂದಲೇ ಹೇಳಿದರು.

"ಅಮ್ಮಾ, ನಿಮಗೆ ಅರ್ಥ ಆಗ್ಲಿ ಅಂತ ಹೇಳ್ತೀನಿ. ನಿಮ್ಮ ಅರ್ಜಿ ನಿಜ ಅಂತ ನಾನು ಬರೆದ್ರೆ, ನಿಮ್ಮ ಮಗ ಸರ್ಕಾರಕ್ಕೆ ಸುಳ್ಳು ಬರ್ಕೊಟ್ಟಿದಾರೆ ಅಂತಾನೂ ಬರೀಬೇಕು. ಅದು ಬೇರೆ ಕೇಸಾಗುತ್ತೆ. ಅವರು ಮೇಷ್ಟ್ರು. ಕೆಲಸಕ್ಕೆ ತೊಂದರೆ ಆಗ್ಬಹುದು. ಯೋಚ್ನೆ ಮಾಡಿ ಹೇಳಿ. ಆ ಗಂಟು ನಿಮ್ದೇನಾ?"

ಅಮ್ಮ ನನ್ನ ಕಡೆ ನೋಡಿದಳು. ನಾನು ಆ ಕೋಣೆಯಲ್ಲಿದ್ದೆನೆಂದು ಅವಳಿಗೆ ತಿಳಿದದ್ದು ಆಗ. ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿದಳು.

"ನನ್ನ ಮಗ ಸುಳ್ಳು ಬರೆಯೋನಲ್ಲ ಸ್ವಾಮಿ. ನನಗೆ ವಯಸ್ಸಾಯ್ತು, ನೆನಪು ಸರಿಯಾಗಿಲ್ಲ. ಆ ಗಂಟು ನಂದಲ್ಲ."

ಅಧಿಕಾರಿ ತಲೆ ಎತ್ತಲಿಲ್ಲ. ಹಾಗೆಯೇ ಬರೆದುಕೊಂಡು ಕಾಗದವನ್ನು ಅವಳ ಮುಂದಿಟ್ಟರು. ನಾನು ಬಾಯಿ ತೆರೆದೆ; ಏನು ಹೇಳಲು ತೆರೆದೆನೋ ಇಂದಿಗೂ ಗೊತ್ತಿಲ್ಲ. ಅಮ್ಮ ನನ್ನ ಮುಂಗೈ ಹಿಡಿದು ಅದುಮಿದಳು, ಚಿಕ್ಕಂದಿನಲ್ಲಿ ಯಾರ ಮನೆಯಲ್ಲಾದರೂ ಹಟ ಮಾಡಿದರೆ ಅದುಮುತ್ತಿದ್ದಂತೆ. ಇನ್ನೊಂದು ಕೈಯಲ್ಲಿ ರುಜು ಮಾಡಿದಳು.

ಹೊರಗೆ ಬಿಸಿಲು ಏರಿತ್ತು. ಬಸ್ಸಿಗೆ ಕಾಯುತ್ತಾ ನಾನು ಅಮ್ಮಾ ಎಂದೆ. ಅವಳು ರಸ್ತೆಯ ಕಡೆಯೇ ನೋಡುತ್ತಿದ್ದಳು.

"ಮಧ್ಯಾಹ್ನ ಪರೀಕ್ಷೆ ಇದೆ ಅಂದಿದ್ಯಲ್ಲ, ನೀನು ಹೋಗು. ಅವಳಿಗೆ ನಾನೇ ಹೇಳ್ಕೋತೀನಿ" ಎಂದಳು.

ನಾನು ಹೋದೆ. ಏಳನೇ ಕ್ಲಾಸಿನ ಮಕ್ಕಳಿಗೆ ಪ್ರಶ್ನೆಪತ್ರಿಕೆ ಹಂಚಿ ಮೂರು ಗಂಟೆ ಹೊತ್ತು ಮೇಲ್ವಿಚಾರಣೆ ಮಾಡಿದೆ. ಸಂಜೆ ಮನೆಗೆ ಬಂದಾಗ ತಂಗಿ ನನಗೆ ಊಟಕ್ಕೆ ಬಡಿಸಿ, ಮೈಸೂರಿಗೆ ವಾಪಸ್ ಕಳಿಸಬೇಕಾದ ಫೋಟೋವನ್ನು ತಟ್ಟೆಯ ಪಕ್ಕ ಇಟ್ಟಳು.